ಆ ಟಾಂಕಿಯ ಬಿಳಿ ವೈನು

ಬಿಳಿ ವೈನ್ ಎಂದರೆ ಮಜ್ಜಿಗೆಯ ಹಾಗೆ ಬೆಳ್ಳಗಿರುತ್ತದೆಂದು ದತ್ತು ತಿಳಿದಿದ್ದ. ದುರ್ಗದಬೈಲ್ ಹತ್ತಿರದ ವೈನ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ತಿಳಿಹಳದಿ ಬಾಟಲಿಗಳನ್ನೆಲ್ಲ ಕೆಳಗಿಳಿಸಿಟ್ಟು, "ಮಾಲಕರ, ಇವೆಲ್ಲಾ ಕೆಟ್ಟಾವ್ರಿ" ಎಂದ. ಮಾಲೀಕರು ಹಣೆ ಬಡಿದುಕೊಂಡರು. ಕಿರಾಣಿ ಅಂಗಡಿಯ ಕೆಲಸವೆಂದು ಮನೆಯಲ್ಲಿ ಹೇಳಿ, ಸಂಧ್ಯಾವಂದನೆ ಮುಗಿಸಿಕೊಂಡು ಬರುತ್ತಿದ್ದ ಪ್ರಾಣಿಗೆ ಅದಕ್ಕಿಂತ ಹೆಚ್ಚಿನ ಜ್ಞಾನ ಎಲ್ಲಿಂದ ಬರಬೇಕು?

ಬಿಳಿ ವೈನಿನ ಕಥೆ ಅವನಿಗೆ ತಿಳಿದದ್ದು ಶಿವಲಿಂಗವ್ವನಿಂದ. ಬಜಾರಿನಲ್ಲಿ ಒಣದ್ರಾಕ್ಷಿ ಮಾರುವವಳು. ಹಣೆ ತುಂಬ ವಿಭೂತಿ. ಅವಳು ಅಂಗಡಿಯ ಮೆಟ್ಟಿಲೇರಿದರೆ ಗಿರಾಕಿಗಳು ತಾವಾಗಿಯೇ ದಾರಿ ಬಿಡುತ್ತಿದ್ದರು. ಒಮ್ಮೆ ಒಬ್ಬ, "ಏನಬೇ, ನಿನಗೂ ಬೇಕಾತೇನು?" ಎಂದು ಹಲ್ಲು ಕಿರಿದ.

"ಬೇಕಾಗೈತಿ. ನಿನ್ನಂಗ ಗ್ವಾಡಿ ಹಿಡಕೊಂಡು ಮನಿಗೆ ಹೋಗೂದಿಲ್ಲ. ಸರಿ ಅತ್ತಾಗ."

ಅವಳು ಕೇಳುತ್ತಿದ್ದುದು ಒಂದೇ ಬಗೆಯ, ಒಂದೇ ವರ್ಷದ ವೈನು. ವಿಜಯಪುರದಾಚೆ, ತಿಕೋಟಾ ಕಡೆಯ ಗರಸು ನೆಲದಲ್ಲಿ ಬೆಳೆದ ಶೆನಿನ್ ಬ್ಲಾಂಕ್ ದ್ರಾಕ್ಷಿಯದು. ತೋಟದ ಹೆಣ್ಣಾಳುಗಳ ಬಾಯಲ್ಲಿ ಅದು ಬರೀ 'ಚೆನ್ನಿ'. ತೆಳು ಸಿಪ್ಪೆ, ಒತ್ತೊತ್ತಾದ ಗೊನೆ, ಸಿಹಿಯ ಬೆನ್ನಿಗೇ ಹುಳಿ. ಬಿಸಿಲೇರಿದರೆ ಕಂಪು ಹಾರುತ್ತದೆಂದು ಮಾಘದ ಚಳಿಯಲ್ಲಿ ನಸುಕಿಗೇ ಕೊಯ್ಯಬೇಕು. ಈ ಊರಿಗೆ ಬರುವ ಮುಂಚೆ ಶಿವಲಿಂಗವ್ವ ಆ ತೋಟದಲ್ಲಿ ಕೊಯ್ಯುವವಳು, ಗಂಡ ಸಿದ್ದಪ್ಪ ಅಲ್ಲಿಯ ವೈನರಿಯಲ್ಲಿ ಟಾಂಕಿ ತೊಳೆಯುವವನು. ಆ ವರ್ಷ, ವೈನನ್ನು ಬೇರೆ ಟಾಂಕಿಗೆ ಹರಿಸಿದ ಮೇಲೆ, ತಳದ ಗಸಿ ಬಳಿಯಲು ಅವನು ಒಳಗಿಳಿದ. ರಸ ಹುದುಗುವಾಗ ಹುಟ್ಟಿದ, ಉಸಿರುಗಟ್ಟಿಸುವ ಗಾಳಿ ಕಣ್ಣಿಗೆ ಕಾಣದಂತೆ ಅಲ್ಲೇ ಕೂತಿತ್ತು. ಮೇಲೆ ಬಂದದ್ದು ಹೆಣ. ಹರಿದುಹೋದ ವೈನು ಮಾತ್ರ ಬಾಟಲಿಗಿಳಿದು, ಚೀಟಿ ಅಂಟಿಸಿಕೊಂಡು ಊರೂರಿಗೆ ಹೋಯಿತು.

"ಅವರ ಕೈ ಕಡೀಗೆ ಮುಟ್ಟಿದ್ದು ಇದನ್ನಽ ದತ್ತೂ. ಕಂಡಕಂಡವರ ಗಂಟಲಾಗ ಇಳೀಬಾರದು" ಎನ್ನುತ್ತಿದ್ದಳು. ಸಿಕ್ಕ ಬಾಟಲಿಗೆ ಸೆರಗು ಹೊದಿಸಿ, ಮೆಲ್ಲಗೆ, "ಬರ್ರಿ, ಮನಿಗೆ ಹೋಗೂಣು" ಎಂದು ಹೊರಡುತ್ತಿದ್ದಳು.

ಒಂದು ಮಧ್ಯಾಹ್ನ ದತ್ತು ಗೋಪನಕೊಪ್ಪದ ಅವಳ ಮನೆಗೆ ಬಾಟಲಿ ಮುಟ್ಟಿಸಲು ಹೋದ. ಅಡುಗೆಮನೆಯ ಗೋಡೆಗುಂಟ ಬಾಟಲಿಗಳ ಸಾಲು, ಅವುಗಳ ಮುಂದೆ ಒಂದು ತಂಬಿಗೆ ನೀರು. ಕಿಟಕಿಯ ಬಿಸಿಲು ಬಿದ್ದು ಒಂದೊಂದರೊಳಗೂ ಏನೋ ಅಲುಗಿದಂತಾಯಿತು. ದತ್ತು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿಬಂದ. ಅಂದಿನಿಂದ ಅಂಗಡಿಯ ಫ್ರಿಜ್ಜಿನ ಬಾಗಿಲು ತೆಗೆದಾಗ ಗಾಜಿನ ಮೇಲೆ ಮಂಜು ಕಟ್ಟಿದರೆ, ಒಳಗೆ ಯಾರೋ ಉಸಿರಾಡಿದಂತೆ ಅವನಿಗೆ. "ಸಿದ್ದಪ್ಪಣ್ಣಾ, ಸ್ವಲ್ಪ ಸರೀರಿ" ಎಂದು ಬೇಡಿಕೊಂಡೇ ಬಿಯರ್ ಬಾಟಲಿ ಎತ್ತಿಕೊಳ್ಳುತ್ತಿದ್ದ. ಪದವೀಧರ ಬೇರೆ.

ಕೊನೆಗೆ ಆ ವರ್ಷದ್ದು ಅಂಗಡಿಯಲ್ಲಿ ಒಂದೇ ಉಳಿಯಿತು. ಸೂಟುಧಾರಿ ಗಿರಾಕಿಯೊಬ್ಬ ಅದನ್ನೆತ್ತಿಕೊಂಡು ಹಣ ತೆಗೆಯುತ್ತಿದ್ದಾಗ ದತ್ತು ಅವನ ಕೈಯಿಂದ ಕಿತ್ತುಕೊಂಡುಬಿಟ್ಟ: "ಬುಕ್ ಆಗೇದ್ರಿ!" ಮಾಲೀಕರು ಎಲ್ಲರೆದುರು ಬೈದರು. ಬೈಸಿಕೊಂಡರೂ ಬಾಟಲಿ ಬಿಡಲಿಲ್ಲ.

ಸಂಜೆ ಶಿವಲಿಂಗವ್ವ ಬಂದಳು.

"ಇದಽ ಕಡೀದು, ಅವ್ವಾರ. ಡಿಪೋದಾಗೂ ಉಳಿದಿಲ್ಲಂತ."

ಅವಳು ಬಾಟಲಿ ಹಿಡಿದು ನಿಂತಳು. ಸೆರಗು ಹೊದಿಸಲಿಲ್ಲ, ಮನೆಗೆ ಕರೆಯಲೂ ಇಲ್ಲ. ಸುಮ್ಮನಿರಬೇಕಿತ್ತು, ದತ್ತುವಿನ ನಾಲಿಗೆಗೆ ಆ ಸಂಸ್ಕಾರವಿಲ್ಲ.

"ಸಿಟ್ಟಾಗಬ್ಯಾಡ್ರಿ, ಅವ್ವಾರ. ಎಂದಾರ ಒಮ್ಮೆ ಇದರ ರುಚಿ ನೋಡೀರೇನ್ರಿ?"

"ನೋಡೇನಿ. ಅಗದೀ ಛಲೋ ಐತಿ. ಅದಕ್ಕಽ ಸಿಟ್ಟು ನನಗ."