ಥಂಡಿ ನೀರಿಗೆ ಆಡಿನ ಕೂದಲ ಹುಳ

ಮಲಪ್ರಭೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಖಾನಾಪುರದ ಸೇತುವೆ ದಾಟುವ ಬಸ್ಸಿನ ದೀಪ ಕಾಣುತ್ತದೆ, ಬಸ್ಸು ಕಾಣುವುದಿಲ್ಲ. ದಂಡೆಯ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತ ಭರಮವ್ವ ಸೆರಗನ್ನು ಕಿವಿ ಮುಚ್ಚುವಂತೆ ಬಿಗಿದುಕೊಂಡು, ನೀರಿನ ಥಂಡಿ ನೋಡಲು ಮೊಣಕೈವರೆಗೆ ತೋಳನ್ನು ಇಳಿಸಿದ್ದಾರೆ. ಗಾಳ ಪಕ್ಕದಲ್ಲೇ ಇದೆ, ಅದನ್ನು ಮುಟ್ಟುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದು ಒರೆಸಿಕೊಂಡು, ಜೊತೆಗೆ ಬಂದ ನನಗೆ ಹೇಳುತ್ತಾರೆ:

“ಮೀನ ಇನ್ನಾ ಮಲಗ್ಯಾವ್ರೀ ಅಕ್ಕಾರ. ಈಗ ಎಬ್ಬಿಸಾಕ ಹೋದ್ರ ಸಿಟ್ಟಿಗೇಳ್ತಾವ.”

ಹಾಗಾದರೆ ಇಷ್ಟು ಬೇಗ ಬಂದದ್ದೇಕೆ? ನೋಡಲು. ಹಾವಿನಂಥ ತಲೆಯ, ಕಪ್ಪು ಮೈಯ ಮರಲ್ ಮೀನು ನೀರಿನಲ್ಲೇ ಬದುಕಿದರೂ ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿಯಲೇಬೇಕು. ಬಟ್ಟೆ ಒಗೆಯುವವರು ಬರುವ ಮೊದಲು ಹೊಳೆ ಅಲುಗಾಡದೆ ಇರುತ್ತದೆ. ಎಲ್ಲಿ ಗುಳ್ಳೆ ಎದ್ದು ಒಡೆಯಿತೋ ಅಲ್ಲೇ ಎಲ್ಲೋ ಅದರ ಮನೆ. ಮನೆಯ ಗುರುತು ಹಿಡಿದುಕೊಂಡು, ಬಿಸಿಲೇರಿದ ಮೇಲೆ ಗಾಳ ಬಿಡಬೇಕು. ಚಳಿಗಾಲಕ್ಕೆಂದು ಭರಮವ್ವ ಮಾಡಿಕೊಂಡಿರುವ ಕ್ರಮ ಇದು.

ಈ ವಾರ ಅವರಿಗೆ ಮರಲ್ ಬೇಕೇ ಬೇಕು. ಮಾರಲಿಕ್ಕಲ್ಲ. ಮಗಳು ರೂಪಾಲಿ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಆಪರೇಶನ್ ಆಗಿ ಹೆಣ್ಣುಮಗು ಹುಟ್ಟಿದೆ. ಕೂಸು ಗಟ್ಟಿಮುಟ್ಟಾಗಿದೆ, ಸೊರಗಿರುವವಳು ತಾಯಿ. ನಡುವೆ ಜ್ವರ ಬಂದು ಹೋದ ಮೇಲೆ ಅವಳ ಬಾಯಿಗೆ ಎಲ್ಲವೂ ಕಹಿ. ಎರಡು ತುತ್ತು ಉಂಡು ತಾಟು ಸರಿಸುತ್ತಾಳೆ, ಹಾಲೂ ಕಡಿಮೆಯಾಗುತ್ತಿದೆ. ಯಾವ ಪಥ್ಯವೂ ಬೇಡ, ಹೊಟ್ಟೆ ತುಂಬ ಉಂಡರೆ ಸಾಕು ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಏನು ಮಾಡಿಕೊಡಲಿ ಎಂದು ಕೇಳಿದರೆ ಮಗಳದ್ದು ಒಂದೇ ಮಾತು: ಹೊಳೆಯ ಮರಲ್ ಸಾರು. ಬಾಣಂತಿಯ ಹೊಲಿಗೆ ಮಾಯಲು ಈ ಓಣಿಯಲ್ಲಿ ಕೊಡುತ್ತ ಬಂದಿರುವುದೂ ಅದನ್ನೇ.

“ಸಂತ್ಯಾಗಿನ ಕೆರಿ ಮೀನ ತಂದು ಮಾಡಿ ಕೊಟ್ಟಿನ್ರಿ. ಮೂಸಿ ನೋಡಿ ಹಿಂದಕ್ಕ ಕೊಟ್ಲು. ‘ಯವ್ವಾ, ನನಗ ಸುಳ್ಳ ಹೇಳಬ್ಯಾಡ’ ಅಂದ್ಲು. ಸಣ್ಣಾಕಿ ಇದ್ದಾಗಿಂದ ಹೊಳಿ ಮೀನ ಉಂಡ ಮೂಗ ಅದು,” ಎನ್ನುತ್ತಾರೆ ಭರಮವ್ವ. ನಗಲು ನೋಡುತ್ತಾರೆ, ನಗು ಅರ್ಧಕ್ಕೇ ನಿಲ್ಲುತ್ತದೆ.

ಬಲೆ ಬೀಸಬಹುದಲ್ಲ ಎಂದರೆ ದಂಡೆಯುದ್ದಕ್ಕೂ ಬೆಳೆದ ಜೊಂಡು ತೋರಿಸುತ್ತಾರೆ. ಥಂಡಿಯಲ್ಲಿ ಮರಲ್ ಜೊಂಡಿನ ಬುಡ, ಬಂಡೆಯ ಸಂದು ಬಿಟ್ಟು ಹೊರಗೆ ಬರುವುದಿಲ್ಲ. ಅಲ್ಲಿ ಬಲೆ ಹಾಕಿದರೆ ಬಲೆಯೇ ಹರಿಯುತ್ತದೆ. ಅದನ್ನು ಗಾಳದಿಂದಲೇ ಕರೆಯಬೇಕು.

ಭರಮವ್ವನದು ಕುರಿ ಕಾಯುವ ಮನೆತನ. ಮೇಯಿಸುವ ಬಯಲುಗಳೆಲ್ಲ ಪ್ಲಾಟುಗಳಾದ ಮೇಲೆ ಗಂಡ ಮುತ್ತಪ್ಪ ಹೆಂಚಿನ ಭಟ್ಟಿಯ ಕೆಲಸಕ್ಕೆ ಸೇರಿದರು. ಮನೆಯಲ್ಲಿ ಈಗ ಕೆಲವು ಆಡುಗಳಷ್ಟೇ ಇವೆ. ಹೊಳೆಯ ದಂಡೆಗೆ ಹೊಡೆದುಕೊಂಡು ಹೋದ ಆಡುಗಳು ಮೇಯುವಾಗ ಸುಮ್ಮನೆ ಕೂರಲಾಗದೆ ಭರಮವ್ವ ಗಾಳ ಹಿಡಿದರು. ಎರೆಹುಳ ಮಳೆಗಾಲಕ್ಕೆ ಸರಿ, ಡಿಸೆಂಬರಿನಲ್ಲಿ ನೆಲ ಅಗೆದರೆ ಎಲ್ಲಿ ಸಿಗಬೇಕು? ಆಗಲೇ ಹುಳವನ್ನು ತಾವೇ ಮಾಡುವ ಯೋಚನೆ ಬಂತು.

ಮೊದಲ ಹುಳಗಳನ್ನು ಉಣ್ಣೆಯಲ್ಲಿ ಮಾಡಿದರು. ಕಂಬಳಿ ನೇಯುವ ಮನೆ, ಉಣ್ಣೆ ಬಿಟ್ಟು ಬೇರೆ ಏನು ತೋಚೀತು? ನೂಲು ಗಟ್ಟಿಯಾಗಲೆಂದು, ಕಂಬಳಿಯ ನೂಲಿಗೆ ಹಚ್ಚುವಂತೆಯೇ ಹುಣಸೆಬೀಜ ಅರೆದು ಕುದಿಸಿದ ಅಂಟನ್ನೂ ಹಚ್ಚಿದರು. ಹುಳ ಚೆಲುವಾಗಿ ಬಂತು. ನೀರಿಗೆ ಬಿದ್ದದ್ದೇ ಅಂಟಂಟಾಗಿ ಉಂಡೆ ಕಟ್ಟಿ ಕಲ್ಲಿನಂತೆ ತಳ ಸೇರಿತು. ಒಂದಿಡೀ ಚಳಿಗಾಲ ಅವರು ಹಾಗೇ ಕಟ್ಟಿದರಂತೆ.

“ಇಕಿ ಮೀನಕ್ಕ ಕಂಬಳಿ ಹೊಚ್ಚಾಕ ಹೊಂಟಿದ್ಲರೀ,” ಎಂದು ಮುತ್ತಪ್ಪ ಇಂದಿಗೂ ಕಾಡುತ್ತಾರೆ.

“ಹೌದ್ರಿ, ಉಣ್ಣಿ ಮುಳುಗ್ತೈತಿ ಅಂತ ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಥಂಡಿ ಮುಗಿಯೋತನಕ ಬಾಯಿ ಮುಚ್ಚಿದ್ರು!” ಭರಮವ್ವ ಬಿಡುವವರಲ್ಲ.

ಉತ್ತರ ಸಿಕ್ಕಿದ್ದು ಹೊಳೆಗಿಳಿದ ಒಂದು ಆಡಿನ ಮರಿಯಿಂದ. ಉಣ್ಣೆ ನೀರು ಕುಡಿದು ಮುದ್ದೆಯಾಗುತ್ತದೆ. ಆಡಿನ ಕೂದಲು ಹಾಗಲ್ಲ, ನಿಂತ ನೀರಿನಲ್ಲೂ ಎಳೆ ಎಳೆಯಾಗಿ ಬಿಚ್ಚಿಕೊಂಡು ಉಸಿರಾಡಿದಂತೆ ಅಲುಗುತ್ತದೆ. ಅಂದಿನಿಂದ ಮರಿಗಳ ಹೊಟ್ಟೆಯ ಕಡೆಯ ಮೆತ್ತನೆಯ ಕೂದಲನ್ನು ಕತ್ತರಿಸಿ, ಗಾಳದ ಕುತ್ತಿಗೆಗೆ ದಾರದಿಂದ ಬಿಗಿದು ‘ಕೂದಲ ಹುಳ’ ಕಟ್ಟುತ್ತಿದ್ದಾರೆ. ಈಗಂತೂ ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಮೊಮ್ಮಗಳನ್ನು ತೂಗುತ್ತಲೇ ಕಟ್ಟುತ್ತಾರೆ. ಕೂಸು ಎಚ್ಚರಾದರೆ ಹುಳ ಅರ್ಧಕ್ಕೆ ನಿಲ್ಲುತ್ತದೆ, ಮಲಗಿದರೆ ಮತ್ತೆ ಮುಂದುವರಿಯುತ್ತದೆ.

ಮಳೆಗಾಲದ ಕೆಂಪು ನೀರಿಗೆ ದೊಡ್ಡ ಬಿಳಿ ಹುಳ, ಮಿರಿಮಿರಿ ಮಿಂಚುವ ತಗಡಿನ ಚೂರು. ಆಗ ಮೀನಿಗೆ ಹಸಿವೆ ಜಾಸ್ತಿ, ಕಣ್ಣಿಗೆ ಕಂಡರೆ ಸಾಕು. ಚಳಿಯಲ್ಲಿ ನೀರು ತಿಳಿ, ಹಸಿವೆ ಕಮ್ಮಿ, ಅನುಮಾನ ಹೆಚ್ಚು. ಆಗ ಹುಳ ಸಣ್ಣದಿರಬೇಕು, ಕಂದು ಇಲ್ಲವೇ ಕಪ್ಪು ಬಣ್ಣದ್ದಿರಬೇಕು. ಎಳೆಯುವುದಂತೂ ಇನ್ನೂ ನಿಧಾನ.

“ಹಿಂಡಿನ್ಯಾಗ ಎಲ್ಲಾಕಿಂತ ಹಿಂದ ಒಂದು ಕುಂಟ ಕುರಿ ಬರ್ತೈತಲ್ರಿ, ಹಂಗ ನಡೀಬೇಕು ನೋಡ್ರಿ ಹುಳ. ಒಂದ ಹೆಜ್ಜಿ ಇಡಬೇಕು, ನಿಂದರಬೇಕು.”

ಅನಗೋಳದ ಸುಜಯ ಆಫೀಸಿಗೆ ರಜೆ ಇದ್ದಾಗ ಸ್ಕೂಟರಿನಲ್ಲಿ ಬಂದು ಈ ಹುಳಗಳನ್ನು ಒಯ್ಯುತ್ತಾರೆ. ಗೆಳತಿಯರ ಜೊತೆ ಹಿಡಕಲ್ ಹಿನ್ನೀರಿಗೆ ಗಾಳ ಹಾಕಲು ಹೋಗುವ ಅಭ್ಯಾಸ ಅವರದು. “ನಮ್ಮ ಕಡೆ ಗಾಳಕ್ಕ ಕಟ್ಟೋ ಅಂಗಡಿ ರಬ್ಬರ್ ಕಪ್ಪಿನೂ ಅದಾವ್ರಿ. ಮಳಿಗಾಲಕ್ಕ ಅವು ಛಲೋ, ಥಂಡಿಗೆ ಇವು. ಭರಮವ್ವ ಮೌಶಿಗೂ ಒಂದು ರಬ್ಬರ್ ಕಪ್ಪಿ ಕೊಟ್ಟೀನಿ, ಹಂಚಿಕಿ ಬರೋಬ್ಬರಿ ಆತು,” ಎಂದು ನಗುತ್ತಾರೆ.

ಬಿಸಿಲು ಬಲಿಯುತ್ತದೆ. ಸೇತುವೆಯ ಬಾಜುವಿನ ಚಹಾದಂಗಡಿಯ ಪಾಂಡುರಂಗ ದಂಡೆಗೆ ಇಳಿದು ಬಂದು ಚಹಾದ ಕಪ್ಪು ಇಡುತ್ತಾರೆ.

“ಏನ್ರೀ ವೈನಿ, ಇವತ್ತೂ ರಿಕಾಮೇನು, ಖಾಲಿ ಕೈ? ನನ್ನ ಕಡೆ ಬಿಸ್ಕೀಟ್ ಅದಾವ, ಅವನ್ನರ ಗಾಳಕ್ಕ ಹಾಕ್ರಿ.”

“ನಿನ್ನ ಬಿಸ್ಕೀಟ್ ಮಂದೀನ ತಿನ್ನಂಗಿಲ್ಲ, ಮೀನ ತಿಂತಾವೇನೋ ಪಾಂಡು?”

ನಗು ಮುಗಿದ ಮೇಲೆ ಪಾಂಡುರಂಗ ದನಿ ತಗ್ಗಿಸಿ ಕೇಳುತ್ತಾರೆ: “ಪೋರಿ ಏನರ ಉಂಡ್ಲೇನು?” ಭರಮವ್ವ ತಲೆಯಾಡಿಸುತ್ತಾರೆ. ಇಲ್ಲ.

ಬೆಳಿಗ್ಗೆ ಗುಳ್ಳೆ ಒಡೆದ ಜಾಗಕ್ಕೆ ಈಗ ನೇರ ಬಿಸಿಲು. ಭರಮವ್ವ ನೀರಿನ ಬಾಟಲಿಗೆ ಸುತ್ತಿದ ನೈಲಾನ್ ದಾರ ಬಿಚ್ಚಿ, ಕಪ್ಪು ಹುಳವನ್ನು ಜೊಂಡಿನ ಅಂಚಿಗೆ ಎಸೆಯುತ್ತಾರೆ. ಎಳೆದು, ನಿಲ್ಲಿಸಿ, ಮತ್ತೆ ಎಳೆಯುತ್ತಾರೆ. ಜೊಂಡಿನಿಂದ ಒಂದು ಕಪ್ಪು ನೆರಳು ಹೊರಬಂದು ಹುಳದ ಹಿಂದೆ ಸಾಗುತ್ತದೆ, ಮೂಗು ತಾಗಿಸುವಷ್ಟು ಹತ್ತಿರ ಬಂದು ತಿರುಗಿ ಹೋಗುತ್ತದೆ. ಭರಮವ್ವ ತುಟಿ ಕಚ್ಚುತ್ತಾರೆ. “ಅವಸರ ಮಾಡಿದೆ. ಮನಿ ಕಡೆ ಧ್ಯಾನ ಹೋತು,” ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಮತ್ತೆ ಅದೇ ಹುಳ ಎಸೆಯುವುದಿಲ್ಲ. ಹೊಸ ಹುಳ ತೆಗೆಯುತ್ತಾರೆ. ಇದು ಇನ್ನೂ ಸಣ್ಣದು, ಒಣಗಿದ ಜೊಂಡಿನದೇ ಬಣ್ಣ. ಜೊತೆಗಿದ್ದ ಸೀಸದ ಗುಂಡನ್ನು ಹಲ್ಲಿನಿಂದ ಬಿಡಿಸಿ ತೆಗೆಯುತ್ತಾರೆ, ಹುಳ ತಾನಾಗಿ ಮೆಲ್ಲಗೆ ಇಳಿಯಲಿ ಎಂದು. ಹೋದ ಮೀನಿಗೆ ಸಮಾಧಾನವಾಗಲು ಬಿಟ್ಟು, ಚಹಾ ಪೂರಾ ಕುಡಿದು ಮುಗಿಸುತ್ತಾರೆ. ಆಮೇಲೆ ಎಸೆಯುತ್ತಾರೆ. ಈ ಸಲ ಎಳೆಯುವುದೇ ಇಲ್ಲ. ದಾರ ಬೆರಳ ಮೇಲೆ ಸಡಿಲವಾಗಿ ಇದೆ. ನೀರೊಳಗೆ ಕೂದಲು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿರಬೇಕು, ಮೇಲೆ ಏನೂ ಕಾಣುವುದಿಲ್ಲ. ಒಗೆಯುವ ಹೆಂಗಸರು ಹಿಂಡಿದ ಬಟ್ಟೆ ಬಂಡೆಗೆ ಹರವಿ, ಒಣಗಿದ್ದನ್ನು ಮಡಿಚುತ್ತಾರೆ. ಪಾಂಡುರಂಗ ಎರಡು ಸಲ ಮೇಲಿಂದ ಇಣುಕುತ್ತಾರೆ. ಭರಮವ್ವ ಒಮ್ಮೆ ಬೆರಳನ್ನು ತುಸುವೇ ಮಡಿಸುತ್ತಾರೆ, ಮತ್ತೆ ಬಿಡುತ್ತಾರೆ.

ದಾರ ಪಕ್ಕಕ್ಕೆ ಜಾರುತ್ತದೆ. ಜೋರಾಗಿ ಅಲ್ಲ, ಯಾರೋ ಸೆರಗು ಮೆಲ್ಲಗೆ ಜಗ್ಗಿದ ಹಾಗೆ. ಭರಮವ್ವ ಎದ್ದು ನಿಂತು ಒಂದೇ ಸಲ ಕೈ ಹಿಂದಕ್ಕೆ ಎಳೆಯುತ್ತಾರೆ. ಜೊಂಡು ಅಲ್ಲಾಡಿ ನೀರು ಕಲಕಿ, ಮೊಣಕೈ ಉದ್ದದ ಮರಲ್ ದಂಡೆಯ ಹುಲ್ಲಿನ ಮೇಲೆ ಬಂದು ಬೀಳುತ್ತದೆ. ಮೇಲಿಂದ ಪಾಂಡುರಂಗ ಶಿಳ್ಳೆ ಹಾಕುತ್ತಾರೆ. ಭರಮವ್ವ ಅತ್ತ ನೋಡುವುದೂ ಇಲ್ಲ. ಮೀನನ್ನು ನೀರಿದ್ದ ಕೊಡಕ್ಕೆ ಹಾಕಿ, ಕೊಡದ ಬಾಯಿಯನ್ನು ಸೆರಗಿನಿಂದ ಮುಚ್ಚಿ, ಚಪ್ಪಲಿ ಮರೆತು ಮನೆಯ ದಾರಿ ಹಿಡಿಯುತ್ತಾರೆ. ಚಪ್ಪಲಿಯನ್ನು ಪಾಂಡುರಂಗ ಹಿಂದಿನಿಂದ ತಂದುಕೊಡುತ್ತಾರೆ.

ಖಾರ ಕಡಿಮೆ, ಬೆಳ್ಳುಳ್ಳಿ ಮತ್ತು ಮೆಣಸು ಜಾಸ್ತಿ, ಬಾಣಂತಿಯ ಸಾರು. ರೂಪಾಲಿ ಗೋಡೆಗೆ ಒರಗಿ ಕುಳಿತಿದ್ದಾಳೆ. ತಾಟನ್ನು ಮೊದಲು ಮೂಗಿನ ಹತ್ತಿರ ತರುತ್ತಾಳೆ. ಒಂದು ಗುಟುಕು ಕುಡಿಯುತ್ತಾಳೆ, ಅನ್ನ ಕಲಸುತ್ತಾಳೆ, ಉಣ್ಣುತ್ತಾಳೆ. ಭರಮವ್ವ ಕೇಳದೆಯೇ ಇನ್ನೊಂದು ಸೌಟು ಹಾಕುತ್ತಾರೆ. ಅದೂ ಹೋಗುತ್ತದೆ. ಆಮೇಲೆ ಮಗಳು ಪಾತ್ರೆಯೊಳಗೆ ಇಣುಕುತ್ತಾಳೆ.

“ಯವ್ವಾ, ತಲಿ ಯಾರಿಗೆ ಇಟ್ಟಿ? ನನಗ ಹಾಕು.”

ಮನೆಯಲ್ಲಿ ಮೀನಿನ ತಲೆ ಯಾವತ್ತೂ ಮುತ್ತಪ್ಪನದು. “ಹಂಗಾರ ನನಗೇನು, ಬಾಲಾನ?” ಎಂದು ಅವರು ಮುಖ ಊದಿಸುತ್ತಾರೆ.

“ನಿಮಗ ಸಾರೈತಿ. ಸುಮ್ನ ಉಣ್ರಿ.” ಭರಮವ್ವ ತಲೆಯನ್ನು ಮಗಳ ತಾಟಿಗೆ ಹಾಕಿ, ಬೆಳಗಿನಿಂದ ಮೊದಲ ಬಾರಿಗೆ ಕಾಲು ಚಾಚಿ ಕೂರುತ್ತಾರೆ. “ಅಪ್ಪನ ಪಾಲಿಗೆ ಕೈ ಹಾಕಿದ್ಲಂದ್ರ ಆತ್ರಿ ಅಕ್ಕಾರ. ನನ್ನ ಮಗಳು ಆರಾಮಾದ್ಲು.”