ಮುತ್ತಲ ಹಳ್ಳಕ್ಕೆ ಕಾರು ತಂದವಳು

ಎಲೆ ಬಣ್ಣ ತಿರುಗುವುದನ್ನು ನೋಡಲು ಜನ ದೂರದ ಊರುಗಳಿಗೆ ಹೋಗುತ್ತಾರೆ. ಹೋಗಲಿ. ನನ್ನ ತಕರಾರು ಅವರ ಮೇಲೆ ಇರಲಿಲ್ಲ. ರಾಯಚೂರಿನಲ್ಲೇ ಹುಟ್ಟಿ, ರಾಯಚೂರಿನ ಅನ್ನ ಉಂಡು, ಇಲ್ಲಿ ನೋಡಲು ಏನೂ ಇಲ್ಲ ಎನ್ನುವವರ ಮೇಲೆ ಇತ್ತು. ಆ ಸಿಟ್ಟಿಗೆ ಬಿದ್ದು ನಾನು ನಮ್ಮವ್ವನ ಹೊಟ್ಟೆಯ ಮೇಲೆ ಹೊಡೆದೆ.

ನಾನು ರಾಯಚೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದ ಮೊದಲನೆಯವಳು ನಾನೇ. ಇದನ್ನು ಹೋದಲ್ಲೆಲ್ಲ ಹೇಳುತ್ತೇನೆ, ಕೇಳಿದವರಿಗೆ ಬೇಸರವಾದರೂ ಹೇಳುತ್ತೇನೆ. ನಮ್ಮದು ದೇವದುರ್ಗದ ಕಡೆಯ ಹಳ್ಳಿ. ಅವ್ವ ಮುತ್ತುಗದ ಎಲೆ ಹರಿದು ತಂದು, ಕಡ್ಡಿ ಚುಚ್ಚಿ ಊಟದ ಪತ್ರೋಳಿ ಹೊಲಿದು, ಮಾನ್ವಿಯ ಅಂಗಡಿಗೆ ಕೊಟ್ಟು ನನ್ನನ್ನು ಓದಿಸಿದಳು. ನಮ್ಮ ಕೇರಿಯವರು ಮುಟ್ಟಿದ ನೀರು ಕುಡಿಯದ ಮನೆಗಳ ಮದುವೆಯಲ್ಲಿ, ನಮ್ಮ ಕೇರಿಯವರು ಹೊಲಿದ ಎಲೆಯ ಮೇಲೆ ಹೋಳಿಗೆ ಬೀಳುತ್ತಿತ್ತು. ನಡುವೆ ಒಂದು ಅಂಗಡಿ ಇದ್ದರೆ ಸಾಕು, ಮೈಲಿಗೆ ತಾನಾಗಿ ತೊಳೆದುಹೋಗುತ್ತದೆ.

ಎಲೆ ಹರಿಯುವುದಕ್ಕೂ ಕ್ರಮವಿದೆ. ನಾವು ಮುತ್ತಲ ಎನ್ನುವ ಈ ಗಿಡದ ಒಂದು ತೊಟ್ಟಿಗೆ ಮೂರು ಎಲೆ. ನಡುವಿನದು ದೊಡ್ಡದು, ಅದು ನಮಗೆ. ಅಕ್ಕಪಕ್ಕದ ಎರಡು ಗಿಡಕ್ಕೆ. ಹಳದಿಗೆ ತಿರುಗಿದ ಎಲೆಯನ್ನು ಮುಟ್ಟುವುದಿಲ್ಲ, ಕಡ್ಡಿ ಚುಚ್ಚಿದರೆ ಸೀಳಿಹೋಗುತ್ತದೆ. ಅಂದರೆ, ನೋಡುವವರಿಗೆ ಎಲೆಗೆ ಜೀವ ಬರುವ ಹೊತ್ತಿಗೆ ನಮ್ಮ ಲೆಕ್ಕದಲ್ಲಿ ಅದು ಸತ್ತಿರುತ್ತದೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿದೆ: ಗಿಡ ಎಲ್ಲಿವೆ ಎಂದು ಹೊರಗಿನವರಿಗೆ ಹೇಳಕೂಡದು. ನಾನು ಸಣ್ಣವಳಿದ್ದಾಗ ಮಾನ್ವಿ ಬಸ್ಸಿನಲ್ಲಿ ಮಲ್ಲಟದ ಹೆಂಗಸೊಬ್ಬಳು ಅವ್ವನ ಗಂಟು ಮುಟ್ಟಿ ಮುಟ್ಟಿ ನೋಡಿದ್ದಳು.

"ಎಲಿ ಭಾಳ ಅಗಲ ಅದಾವಲ್ಲಕ್ಕಾ, ಯಾವ ಕಡಿಂದ ತಂದಿ?"

"ಹೊಳಿ ದಂಡಿಂದ," ಎಂದಳು ಅವ್ವ.

"ಯಾವ ಹೊಳಿ? ಕೃಷ್ಣಾನೋ, ತುಂಗಭದ್ರಾನೋ?"

"ನೀರಿರೋ ಹೊಳಿ ಬೇ."

ಬಸ್ಸಿಗೆ ಬಸ್ಸೇ ನಕ್ಕಿತ್ತು. ಎಲೆ ಬಂದದ್ದು ಊರ ಹಿಂದಿನ ಗುಡ್ಡದ ಬುಡದಲ್ಲಿರುವ ಒಣ ಹಳ್ಳದಿಂದ. ಮಳೆಗಾಲ ಬಿಟ್ಟರೆ ಅದರಲ್ಲಿ ನಾಯಿ ನೆಕ್ಕುವಷ್ಟೂ ನೀರು ಇರುವುದಿಲ್ಲ. ಹಳ್ಳದ ದಂಡೆಗೆ ಹನ್ನೊಂದು ಮುತ್ತಲ ಗಿಡ, ಅದರ ಮೇಲೆ ಗುಡ್ಡದ ತುಂಬ ದಿಂಡಿಗದ ಮರ. ಚಳಿ ಬಿದ್ದಾಗ ದಿಂಡಿಗ ತುಕ್ಕು ಹಿಡಿದ ಕಬ್ಬಿಣದ ಬಣ್ಣಕ್ಕೆ ಬರುತ್ತದೆ, ಆಮೇಲೆ ಇಟ್ಟಂಗಿಯ ಬಣ್ಣಕ್ಕೆ. ಕೆಳಗೆ ಮುತ್ತಲ ಒಂದೊಂದೇ ಕೊಂಬೆ ಹಳದಿಯಾಗುತ್ತದೆ. ನನಗೆ ಅದು ಚಂದ ಎಂದು ಗೊತ್ತಾದದ್ದೇ ಕಾಲೇಜು ಸೇರಿದ ಮೇಲೆ. ಅಲ್ಲಿಯವರೆಗೆ ಅದು ಕೆಲಸ ಮುಗಿಯುತ್ತ ಬಂದಿದೆ ಎನ್ನುವ ಗುರುತು ಮಾತ್ರ.

ಹೋದ ದೀಪಾವಳಿ ಕಳೆದ ಮೇಲೆ ನಮ್ಮ ವಿಭಾಗದ ಹಿರಿಯ ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರ ಮೂಗಿನ ಕೆಳಗೂ ಫೋನು ಹಿಡಿದು ಕಾಶ್ಮೀರದ ಕೆಂಪು ಮರಗಳನ್ನು ತೋರಿಸುತ್ತಿದ್ದರು. ಅವರ ಮಗಳು ಹೋಗಿ ಬಂದಿದ್ದಳು.

"ನಮ್ಮ ರಾಯಚೂರಾಗ ಏನದ ರೀ ನೋಡಲಿಕ್ಕೆ? ಬಿಸಿಲು, ಕಲ್ಲು, ಮತ್ತ ಬಿಸಿಲು. ಇಲ್ಲಿ ಎಲಿ ಒಣಗತಾವ ಅಷ್ಟ, ಬಣ್ಣ ಬರಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಕಡೆಯಂತೂ ಬರೇ ಜಾಲಿ, ಹೌದಲ್ರೀ?"

'ನಿಮ್ಮ ಕಡೆ' ಎನ್ನುವಾಗ ಅವರು ಊರಿನ ದಿಕ್ಕು ಹೇಳುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ, "ನಿಮ್ಮ ಕಡೆಯವರಿಗೆ ಈಗೆಲ್ಲಾ ಸಲೀಸು ಬಿಡ್ರಿ" ಎಂದಿದ್ದರು. ಎರಡು ಜೊತೆ ಬಟ್ಟೆಯಲ್ಲಿ, ಮಾನ್ವಿಯ ಹಾಸ್ಟೆಲಿನ ತಿಳಿಸಾರಿನಲ್ಲಿ ಓದು ಮುಗಿಸಿದವಳು ನಾನು. ಆ ಸಲೀಸು ಎಲ್ಲಿತ್ತು ಎಂದು ಅವತ್ತು ಕೇಳಲಿಲ್ಲ. ಕೇಳದೆ ಉಳಿದದ್ದು ಈಗ ಬಾಯಿಗೆ ಬಂತು.

"ಬರ್ರಿ ಮೇಡಂ, ಬಣ್ಣ ತೋರಸ್ತೀನಿ. ನಿಮ್ಮ ಕಾಶ್ಮೀರ ಸುಡಗಾಡಿಗೆ ಹೋಗಬೇಕು, ಅಂಥಾದ್ದು ತೋರಸ್ತೀನಿ," ಎಂದೆ.

ನಾನು ಭಾನುವಾರವನ್ನೇ ಆರಿಸಿದೆ. ಭಾನುವಾರ ಅವ್ವ ಪತ್ರೋಳಿ ಕೊಡಲು ಮಾನ್ವಿಗೆ ಹೋಗುತ್ತಾಳೆ, ಹಳ್ಳಕ್ಕೆ ಬರುವುದಿಲ್ಲ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ: ಅವ್ವನಿಗೆ ಗೊತ್ತಾಗದ ಹಾಗೆ ಲೆಕ್ಕ ಹಾಕಿಯೇ ಹೋದೆ. ಕಟ್ಟಳೆ ಮುರಿಯುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು.

ಮೇಡಂ, ಸ್ಟಾಫ್ ರೂಮಿನ ಇನ್ನೂ ಕೆಲವರು ಹತ್ತಿದ ಎರಡು ಕಾರು ಬೆಳಿಗ್ಗೆಯೇ ಹೊರಟವು. ಗಬ್ಬೂರು ದಾಟುವವರೆಗೂ ಮೇಡಂ, "ಎಲ್ರೀ ಬಣ್ಣ?" ಎಂದು ಹತ್ತು ಸಲ ಕೇಳಿದರು. ಊರು ಇನ್ನೂ ದೂರ ಇರುವಾಗಲೇ ಕಾರು ನಿಲ್ಲಿಸಿ ಎಲ್ಲರನ್ನೂ ನಡೆಸಿದೆ. ಎಲೆ ನೋಡಲು ಕಾರಿನ ಕಿಟಕಿ ಸಾಲದು. ಬಿಸಿಲು ಏರುವ ಮುಂಚೆ ಹೋಗಬೇಕು. ಸೂರ್ಯ ಮರದ ಆ ಬದಿಗೆ, ನಾವು ಈ ಬದಿಗೆ ನಿಲ್ಲಬೇಕು. ಆಗ ಎಲೆಯ ನರ ಎಣಿಸಬಹುದು. ದೂರದಿಂದ ಗುಡ್ಡ ನೋಡಿದರೆ ಒಂದು ಬಣ್ಣ, ಬುಡಕ್ಕೆ ಹೋಗಿ ಅಂಗಾತ ಮಲಗಿ ನೋಡಿದರೆ ಹತ್ತು. ಗಾಳಿ ಬಂದಾಗ ಬಾಯಿ ಮುಚ್ಚಿಕೊಂಡಿದ್ದರೆ ಒಣ ಮುತ್ತಲೆಲೆ ಕಲ್ಲಿನ ಮೇಲೆ ಉರುಳುವ ಸದ್ದು ಕೇಳುತ್ತದೆ. ಇದನ್ನೆಲ್ಲ ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ. ಮರ ತನ್ನ ಎಲೆಯೊಳಗಿನ ಹಸಿರನ್ನು ಒಡೆದು ಅದರ ಸಾರವನ್ನು ವಾಪಸು ಎಳೆದುಕೊಳ್ಳುತ್ತದೆ, ಉಳಿದದ್ದೇ ಈ ಬಣ್ಣ ಎಂದೂ ಹೇಳಿದೆ.

ಹಳ್ಳದ ತಿರುವಿನಲ್ಲಿ ಗುಡ್ಡ ಕಂಡಾಗ ಮೇಡಂ ನಿಂತುಬಿಟ್ಟರು. "ಅಯ್ಯಯ್ಯ! ಇದು ನಮ್ಮ ರಾಯಚೂರೇನ್ರೀ?"

ಆ ಒಂದು ಮಾತಿಗಾಗಿ ನಾನು ಅಷ್ಟೆಲ್ಲ ಮಾಡಿದ್ದೆ. ಸಿಕ್ಕಿತು. ಎದೆ ಉಬ್ಬಿಸಿ ನಿಂತೆ. ಹತ್ತು ನಿಮಿಷವೂ ಉಳಿಯಲಿಲ್ಲ.

ಮೂರನೆಯ ಮುತ್ತಲ ಗಿಡದ ಕೆಳಗೆ ಕೊಂಬೆ ಬಗ್ಗಿಸುವ ದೋಟಿ ಹಿಡಿದು ಅವ್ವ ನಿಂತಿದ್ದಳು. ಅಂಗಡಿಯವನಿಗೆ ಅವಸರದ ಮದುವೆ ಊಟವೊಂದು ಬಂದಿತ್ತಂತೆ. ಮಾನ್ವಿ ಬಿಟ್ಟು ಎಲೆಗೆ ಬಂದಿದ್ದಳು. ಫೋನು ಎತ್ತಿ ಹಿಡಿದಿದ್ದ ಮೇಡಂ ಕೈ ಬೀಸಿದರು.

"ಏ ಯಮ್ಮಾ, ಸ್ವಲ್ಪ ಆ ಕಡೆ ಸರಿ. ಫೋಟೋದಾಗ ಬರ್ತೀ. ಮತ್ತ ಎಲಿ ಹರಿಬ್ಯಾಡ, ಚಂದ ಹಾಳಾಗ್ತದ."

"ಅವರು ನಮ್ಮವ್ವ," ಎಂದೆ ನಾನು. ಎಲ್ಲರಿಗೂ ಕೇಳುವ ಹಾಗೆ. "ನೀವು ಸರೀರಿ ಮೇಡಂ. ಆಕಿ ಎಲಿ ಹರದಿದ್ದಕ್ಕ ನಾ ನಿಮ್ಮ ಪಕ್ಕದ ಕುರ್ಚಿಗೆ ಬಂದೀನಿ."

ಅವ್ವ ದೋಟಿಯನ್ನು ಗಿಡಕ್ಕೆ ಒರಗಿಸಿ, ನನ್ನನ್ನು ನೋಡದೆ ಗಂಟು ಕಟ್ಟಿ ಹೊತ್ತುಕೊಂಡು ಹೋದಳು. ನಾನು ಅಂದುಕೊಂಡೆ, ಮೇಡಂ ಮಾತಿಗೆ ನೊಂದಿದ್ದಾಳೆ, ನಾನು ಅವಳ ಪರ ಮಾತಾಡಿದ್ದು ಮನಸ್ಸಿಗೆ ಹಿಡಿಸಿರಬೇಕು. ಕಾರುಗಳನ್ನು ಕಳಿಸಿ ಮನೆಗೆ ಹೋದಾಗ ಅವ್ವ ಒಲೆಯ ಮುಂದೆ ಇದ್ದಳು.

"ಅವ್ವ ಅಂತ ಹೇಳಿದಿ. ಚಲೋ ಆತು. ಹೇಳದಿದ್ರೂ ನಾ ನಿಮ್ಮವ್ವನಾ ಇರತಿದ್ದೆ," ಎಂದಳು. "ಜಾಗ ತೋರಿಸಿದೆಲ್ಲ ಬೇ, ಅದನ್ನ ಏನು ಹೊಚ್ಚಿ ಮುಚ್ಚತಿ?"

"ಒಂದಿನ ನೋಡಿ ಹೋದ್ರವ್ವಾ, ಅಷ್ಟ."

"ಮಲ್ಲಟದ ಹೆಂಗಸಿಗೂ ಹೇಳಿಲ್ಲ ನಾ. ಆಕಿನೂ ನನ್ನಂಗ ಹೊಟ್ಟಿಗೆ ಹರಿಯಾಕಿ. ನೀ ಕಾರಿನೋರಿಗೆ ತೋರಿಸಿದಿ."

ಅವ್ವ ಹೆದರಿದ್ದೇ ಆಯಿತು. ಮೇಡಂ ಆ ಗುಡ್ಡದ ವಿಡಿಯೋ ಮಾಡಿ, ದಾರಿಯನ್ನೂ ಹೇಳಿ ಹರಿಬಿಟ್ಟಿದ್ದರು. ಮುಂದಿನ ಭಾನುವಾರ ರಾಯಚೂರಿನ ಕಾರುಗಳು, ಅದರ ಮುಂದಿನ ವಾರ ಎಲ್ಲಿಯವೋ. ನಾಲ್ಕನೆಯ ವಾರಕ್ಕೆ ಹಳ್ಳಕ್ಕೆ ಹತ್ತಿದ ಹೊಲದ ಸಾಹುಕಾರ ಗಿಡಗಳನ್ನೆಲ್ಲ ಒಳಗೆ ಹಾಕಿಕೊಂಡು ಮುಳ್ಳುತಂತಿ ಎಳೆದು, ನೋಡಲು ಬಂದವರಿಂದ ದುಡ್ಡು ಎತ್ತಲು ಗೇಟು ನಿಲ್ಲಿಸಿದ. ಎಲೆಗೆ ಹೋದ ಅವ್ವನನ್ನೂ ಇನ್ನಿಬ್ಬರು ಹೆಂಗಸರನ್ನೂ ಬೈದು ಓಡಿಸಿದ. ಆ ಹನ್ನೊಂದು ಗಿಡ ಬಿಟ್ಟರೆ ಅವ್ವನ ಕಾಲು ನಡೆಯುವಷ್ಟು ದೂರದಲ್ಲಿ ಮುತ್ತಲವೇ ಇಲ್ಲ. ಗಿಡ ಹೋದರೆ ಅವ್ವನ ಕೆಲಸ ಹೋಯಿತು. ನನ್ನ ಸಂಬಳದಲ್ಲಿ ಕೂತು ಉಣ್ಣು ಎಂದರೆ ಉಣ್ಣುವ ಹೆಂಗಸು ಅವಳಲ್ಲ.

ನಾನು ಸಾಹುಕಾರನ ಬಳಿ ಹೋದೆ. ಅವನು ನಗುತ್ತಲೇ ಮಾತಾಡಿದ.

"ಏನ್ ಮೇಡಂ, ನೀವಾ ತೋರಿಸಿ ನೀವಾ ಜಗಳಕ್ಕ ಬಂದೀರಲ್ಲ? ಮಂದಿ ಎಲಿ ನೋಡಾಕ ಬರತಾರ. ನಿಮ್ಮೋರು ಹರದು ಬೋಳು ಮಾಡಿದ್ರ ಏನ್ ನೋಡ್ಬೇಕವರು?"

"ಇಷ್ಟು ವರ್ಷ ಹರದ್ರೂ ಬೋಳಾಗಿಲ್ಲ. ಮೂರಾಗ ಒಂದ ಹರೀತಾರ. ನಿಮ್ಮ ತಂತಿ ಕಟ್ಟಾಕ ನಾಕು ಕೊಂಬಿ ಕಡದೀರಿ, ಅದು ಬೋಳಲ್ಲೇನ್ರೀ?"

"ಜಗಳ ಬ್ಯಾಡ. ನಿಮ್ಮವ್ವಗ ಗೇಟಿನ್ಯಾಗ ಇರಾಕ ಹೇಳ್ರಿ. ಬಂದೋರು ಚೆಲ್ಲಿದ್ದು ಕಸ ಹೊಡಿಲಿ. ಏನರ ಕೊಡೋಣಂತ."

"ಕಸ ನಿಮ್ಮ ಮನಿಯೋರ ಹೊಡೀಲಿ," ಎಂದು ಬಂದೆ. ಕೈಗೆ ಕಲ್ಲು ಸಿಕ್ಕಿದ್ದರೆ ಎಸೆದೇ ಬರುತ್ತಿದ್ದೆ.

ಮೇಡಂ ಜೊತೆಗೂ ಹರಿಯಿತು. ವಿಡಿಯೋ ತೆಗೆಯಿರಿ ಎಂದರೆ, "ಚಂದ ಇದ್ದದ್ದು ನಾಲ್ಕು ಮಂದಿ ನೋಡಬೇಕಲ್ರೀ, ನಿಮ್ಮೂರಿಗೇ ಹೆಸರು," ಎಂದರು. "ಹೆಸರು ಬೇಸಿ ಉಣ್ಣಾಕ ಬರಂಗಿಲ್ಲ ಮೇಡಂ," ಎಂದೆ. ಕೊನೆಗೆ ತೆಗೆದರು. ಅಷ್ಟರೊಳಗೆ ಅದು ಎಷ್ಟು ಫೋನು ಹೊಕ್ಕಿತ್ತೋ. ಅವತ್ತಿನಿಂದ ನಮ್ಮಿಬ್ಬರ ನಡುವೆ ಹಾಜರಿ ಪುಸ್ತಕದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ನನಗೇನೂ ನಷ್ಟವಾಗಿಲ್ಲ.

ಓದಿದವಳಲ್ಲವೇ, ಕಲ್ಲು ಬಿಟ್ಟು ಕಾಗದ ಹಿಡಿದೆ. ಆ ಹೊಲದ ಪಹಣಿ ತೆಗೆಸಿದೆ, ಊರ ನಕ್ಷೆ ತೆಗೆಸಿದೆ. ನಕ್ಷೆಯಲ್ಲಿ ಹಳ್ಳವೂ ಅದರ ದಂಡೆಯೂ ಸರ್ಕಾರದ್ದು. ಮುಳ್ಳುತಂತಿ ದಂಡೆ ದಾಟಿ ಬಂದಿತ್ತು. ಅಳತೆಗೆ ಅರ್ಜಿ ಹಾಕಿದೆ. ರಜೆ ಹಾಕಿ ಹಾಕಿ ದೇವದುರ್ಗದ ಕಚೇರಿಯ ಬಾಗಿಲಲ್ಲಿ ನಿಂತೆ. "ನಾಳಿಗೆ ಬರ್ರಿ" ಎಂದವರಿಗೆ, "ನಾಳಿಗೆ ಅಂತ ಬರದು ಸಹಿ ಮಾಡಿ ಕೊಡ್ರಿ" ಎಂದು ಅಲ್ಲೇ ಕೂತೆ. ಎಲೆಯೆಲ್ಲ ಉದುರಿತು. ಮುತ್ತಲ ಬರಿಗೊಂಬೆಯ ಮೇಲೆ ಹೂ ಬಿಟ್ಟಿತು, ಅದೂ ಉದುರಿತು. ಯುಗಾದಿ ಕಳೆದ ಮೇಲೆ ಸರ್ವೆಯವರು ಬಂದು ಸರಪಳಿ ಹಾಸಿದರು. ಹನ್ನೊಂದು ಗಿಡದಲ್ಲಿ ಏಳು ದಂಡೆಗೆ ಬಂದವು. ನಾಲ್ಕು ಸಾಹುಕಾರನ ಹೊಲದೊಳಗೆ ಉಳಿದವು, ಎಲೆ ಅಗಲ ಇರುವ ನಾಲ್ಕೇ. ಅವನು ನಮ್ಮ ಹಿಂದಿನ ಮೂರು ತಲೆಮಾರನ್ನು ಬೈಯುತ್ತ ತಂತಿ ಹಿಂದೆ ಸರಿಸಿದ.

ಏಳು ಗಿಡ ವಾಪಸು ತಂದೆ ಎಂದು ನಾನು ಅವ್ವನ ಮುಂದೆ ನಿಂತೆ. ಅವ್ವ ಬೀಡಿ ಎಳೆಯುತ್ತಿದ್ದಳು.

"ಹನ್ನೊಂದಿದ್ದವು," ಎಂದಳು.

ಕಾರಹುಣ್ಣಿಮೆಯ ಹೊತ್ತಿಗೆ ಹೊಸ ಎಲೆ ಅಂಗೈಗಿಂತ ದೊಡ್ಡದಾಗಿ ಬಲಿತಿತ್ತು. ನಾನು ಊರಿಗೆ ಹೋಗಿದ್ದೆ. ಬೆಳಿಗ್ಗೆ ಅವ್ವ ಇನ್ನಿಬ್ಬರ ಜೊತೆ ಹಳ್ಳಕ್ಕೆ ಹೊರಟಳು. ನಾನೂ ಸೆರಗು ಸಿಕ್ಕಿಸಿ ದೋಟಿಗೆ ಕೈ ಹಾಕಿದೆ.

"ಬಿಡು ಅದನ್ನ. ನೀ ಬರಬ್ಯಾಡ."

"ಯಾಕವ್ವಾ? ಆ ಗಿಡ ಬಿಡಿಸಿದಾಕಿ ನಾನು."

"ತಂತಿ ಕಟ್ಟಿಸಿದಾಕಿನೂ ನೀನಾ. ಮನ್ಯಾಗ ಕುಂದ್ರು."

ಜೊತೆಯವಳೊಬ್ಬಳು, "ಹೋಗ್ಲಿ ಬಿಡಬೇ, ಮಗಳಲ್ಲೇನ," ಎಂದಳು. ಅವ್ವ ಆಗಲೇ ಓಣಿ ದಾಟಿದ್ದಳು.

ನಾನು ಮನೆಯಲ್ಲಿ ಕೂತೆ. ಹಿಂದಿನ ದಿನದ ಎಲೆ ಒದ್ದೆ ಗೋಣಿಯಲ್ಲಿ ಇದ್ದವು. ಕಡ್ಡಿ ಸೀಳಿಕೊಂಡು ಹೊಲಿಯತೊಡಗಿದೆ. ವರ್ಷಗಟ್ಟಲೆ ಹೊಲಿಯದ ಕೈ, ಮೊದಲೆರಡು ಹರಿದವು, ಆಮೇಲೆ ಕೈ ಕೂತಿತು. ಅವ್ವ ಬರುವಷ್ಟರಲ್ಲಿ ಒಂದರ ಮೇಲೊಂದು ಪೇರಿಸಿ ಒಂದು ಅಟ್ಟಿಯಾಗಿತ್ತು. ಅವಳು ಗಂಟು ಇಳಿಸಿ, ನೀರು ಕುಡಿದು, ನನ್ನ ಪತ್ರೋಳಿಗಳನ್ನು ಒಂದೊಂದಾಗಿ ತೆಗೆದು ಹೆಬ್ಬೆರಳಿನಿಂದ ಅಂಚು ಒತ್ತಿದಳು. ಕೆಲವನ್ನು ಬಿಚ್ಚಿ ಎಲೆ ಬೇರೆ ಮಾಡಿದಳು. ಉಳಿದವನ್ನು ಮಾನ್ವಿಗೆ ಹೋಗುವ ಅಟ್ಟಿಗೆ ಸೇರಿಸದೆ ಗೋಡೆಯ ಪಕ್ಕ ಇಟ್ಟಳು.

"ಅವು ಯಾರಿಗವ್ವಾ?"

"ಮನಿಗೆ. ಅಂಗಡಿಗೆ ನಡಿಯಂಗಿಲ್ಲ."

ಮಧ್ಯಾಹ್ನ ಅದರಲ್ಲೇ ಒಂದರ ಮೇಲೆ ನನಗೆ ರೊಟ್ಟಿ, ಪುಂಡಿಪಲ್ಯ ಹಾಕಿದಳು. ತಾನು ತಾಟಿನಲ್ಲಿ ಉಂಡಳು. ನನ್ನ ಎಲೆಯ ಪಲ್ಯದ ರಸ ಹೊಲಿಗೆಯ ಸಂದಿನಿಂದ ಸೋರಿ ನೆಲಕ್ಕೆ ಹರಿಯುತ್ತಿತ್ತು. ಅವ್ವ ಅದನ್ನು ನೋಡುತ್ತಲೇ ಉಣ್ಣುತ್ತಿದ್ದಳು.