ಹಸಿರು ಸಾಸಿನ ಪಿಜ್ಜಾ ಮಾಡಿದ್ದು ಯಾರು?

ಕನ್ನಡಕದ ಅಂಗಡಿಯ ಹಿಂಬದಿಯ ಸಣ್ಣ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಗಾಜು ಉಜ್ಜುತ್ತ ಬಂದವನಿಗೆ ಬೀದಿಯವರು ಇಟ್ಟ ಹೆಸರು ಲೆನ್ಸಣ್ಣ. ತಿರುಗುವ ಕಲ್ಲಿಗೆ ಗಾಜಿನ ಅಂಚು ಹಿಡಿದು ಚೌಕಟ್ಟಿನ ಆಕಾರಕ್ಕೆ ಸವೆಸುವುದು ಅವನ ಕೆಲಸ. ಕೂದಲೆಳೆಯಷ್ಟು ಹೆಚ್ಚಾದರೆ ಗಾಜು ಕೂರುವುದಿಲ್ಲ, ಕಡಿಮೆಯಾದರೆ ನಿಲ್ಲುವುದಿಲ್ಲ. ಅವನಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಪವರ್ ನೆನಪಿರುತ್ತಿತ್ತು. ರಸ್ತೆಯಲ್ಲಿ ಯಾರಾದರೂ ಮಾತನಾಡಿಸಿದರೆ ‘ಬಲಗಣ್ಣು ಮೈನಸ್ ಎರಡೂವರೆ, ಎಡಗಣ್ಣು ಮೂರು’ ಎಂದು ಮನಸ್ಸಿನಲ್ಲೇ ಅಂದುಕೊಂಡು ನಗುತ್ತಿದ್ದ.

“ಇವರಿಗೆ ನನ್ನ ಮುಖ ಗೊತ್ತೋ ಇಲ್ವೋ, ನನ್ನ ನಂಬರ್ ಅಂತೂ ಗೊತ್ತು” ಎಂದು ಹೆಂಡತಿ ಬಂದವರೆದುರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಅಂಥವನಿಗೆ ಒಂದು ಮಂಗಳವಾರ ಮಗಳ ಫೋನ್ ಬಂತು. ಒಬ್ಬಳೇ ಮಗಳು. ಊರಿನ ಇನ್ನೊಂದು ತುದಿಯಲ್ಲಿ ಗಂಡನ ಜೊತೆ ಇದ್ದಳು, ಹಲ್ಲಿನ ಡಾಕ್ಟರೊಬ್ಬರ ಬಳಿ ಕೆಲಸ ಮಾಡುತ್ತಿದ್ದಳು, ಈಗ ಐದು ತಿಂಗಳ ಬಸುರಿ.

“ಅಪ್ಪಾ, ಭಾನುವಾರ ಬರ್ತಿದೀನಿ. ನನಗೆ ಒಂದೇ ಒಂದು ಆಸೆ.”

“ಹೇಳು ಪುಟ್ಟಿ. ಆಕಾಶದಲ್ಲಿದ್ರೂ ತರ್ತೀನಿ.”

“ಆಕಾಶ ಏನೂ ಬೇಡ. ಅಮ್ಮ ಆಸ್ಪತ್ರೇಲಿದ್ದಾಗ ಹಸಿರು ಸಾಸ್ ಹಾಕಿ ಪಿಜ್ಜಾ ಮಾಡಿಕೊಡ್ತಿದ್ದೆಯಲ್ಲ, ಅದು ಬೇಕು. ಅಂಗಡಿಯಿಂದ ತರೋ ಹಾಗಿಲ್ಲ. ನೀನೇ ಹಿಟ್ಟು ಕಲಸಬೇಕು, ನೀನೇ ಸಾಸ್ ಮಾಡಬೇಕು, ಆವಾಗ ಮಾಡಿದ ಹಾಗೆ.”

“ಅದಕ್ಕೇನಂತೆ, ಮಾಡೋಣ” ಎಂದ. ಫೋನ್ ಇಟ್ಟು ಕಲ್ಲಿನ ಮುಂದೆ ಕೂತ. ಕೂತವನ ಕೈ ಓಡಲಿಲ್ಲ. ತಾನು ಪಿಜ್ಜಾ ಮಾಡಿದ್ದು? ಯಾವಾಗ?

ಹೆಂಡತಿ ಆಸ್ಪತ್ರೆಯಲ್ಲಿದ್ದದ್ದು ಸರಿಯಾಗಿಯೇ ನೆನಪಿತ್ತು. ಇಪ್ಪತ್ತು ವರ್ಷದ ಹಿಂದೆ, ಇಪ್ಪತ್ತಮೂರು ದಿನ, ಶ್ವಾಸಕೋಶಕ್ಕೆ ಸೋಂಕಾಗಿ. ಮಗಳಿಗೆ ಏಳು ವರ್ಷ. ಆಸ್ಪತ್ರೆಯ ಕಾರಿಡಾರಿನ ಬೆಂಚು, ಕೆಟ್ಟು ನಿಂತ ಲಿಫ್ಟು, ಔಷಧಿ ಅಂಗಡಿಯ ಸಾಲು ಕಣ್ಣಿಗೆ ಕಟ್ಟಿದ ಹಾಗಿದ್ದವು. ಆದರೆ ಮನೆಯ ಕಡೆಯದು ಒಂದೂ ಇಲ್ಲ. ಒಲೆಯ ಮುಂದೆ ನಿಂತದ್ದಾಗಲಿ, ಹಿಟ್ಟು ಮುಟ್ಟಿದ್ದಾಗಲಿ, ಮಗಳಿಗೆ ಏನು ತಿನ್ನಿಸಿದೆ ಎಂಬುದಾಗಲಿ ಎಷ್ಟು ತಡಕಾಡಿದರೂ ಸಿಗಲಿಲ್ಲ. ಅವನಿಗೆ ತಿಳಿದಂತೆ ಅವನು ಜನ್ಮದಲ್ಲಿ ಮಾಡಿದ್ದ ಅಡುಗೆ ಎರಡೇ: ಚಹಾ, ಬೇಯಿಸಿದ ಮೊಟ್ಟೆ.

ಸಂಜೆ ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಅವನು ಸುತ್ತಿಬಳಸಿ ಕೇಳಿದ.

“ನಾನು ಯಾವತ್ತಾದ್ರೂ ಪಿಜ್ಜಾ ಮಾಡಿದ್ನಾ?”

“ನೀವಾ?” ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ನಕ್ಕಳು. “ಅನ್ನಕ್ಕೆ ನೀರೆಷ್ಟು ಇಡಬೇಕು ಅಂತ ಗೊತ್ತಾ ನಿಮಗೆ?”

“ನೀನು ಆಸ್ಪತ್ರೇಲಿದ್ದಾಗ ಮಾಡ್ತಿದ್ನಂತೆ. ಪುಟ್ಟಿ ಹೇಳ್ತಿದಾಳೆ.”

“ಆಸ್ಪತ್ರೇಲಿದ್ದೋಳಿಗೆ ಮನೇಲಿ ಏನು ನಡೀತು ಅಂತ ಹೇಗೆ ಗೊತ್ತಾಗತ್ತೆ? ಆವಾಗ ನಿಮ್ಮಕ್ಕ ಬಂದಿದ್ರಲ್ಲ, ಅವರನ್ನ ಕೇಳಿ.”

ಮರುದಿನ ಊಟದ ಬಿಡುವಿನಲ್ಲಿ ಅಕ್ಕನಿಗೆ ಫೋನ್ ಮಾಡಿದ. ಅಕ್ಕ ನಿವೃತ್ತ ಟೀಚರ್, ಯಾವುದಕ್ಕೂ ಅನುಮಾನ ಪಡುವವಳಲ್ಲ.

“ಪಿಜ್ಜಾ ಮಾಡಿದ್ದು ನಾನು ಕಣೋ! ನೀನೆಲ್ಲಿ ಅಡುಗೆಮನೆ ಕಡೆ ತಲೆ ಹಾಕ್ದೆ? ಬೆಳಿಗ್ಗೆ ಹೋದ್ರೆ ಸಂಜೆ ಬರ್ತಿದ್ದೆ, ಬಂದು ಗೋಡೆ ನೋಡ್ತಾ ಕೂರ್ತಿದ್ದೆ.”

“ಹಸಿರು ಸಾಸ್ ಹಾಕಿದ್ಯಾ?”

“ಹಸಿರೆಲ್ಲಿಂದ ಬರತ್ತೆ? ಟೊಮೇಟೊ ಹಾಕಿದ್ದು. ಕೆಂಪು.”

ಲೆನ್ಸಣ್ಣನ ತಲೆ ಇನ್ನಷ್ಟು ಗೋಜಲಾಯಿತು. ಮಗಳು ಹಸಿರು ಅನ್ನುತ್ತಾಳೆ, ಅಪ್ಪ ಮಾಡಿದ್ದು ಅನ್ನುತ್ತಾಳೆ. ಅಕ್ಕ ಕೆಂಪು ಅನ್ನುತ್ತಾಳೆ, ತಾನು ಮಾಡಿದ್ದು ಅನ್ನುತ್ತಾಳೆ. ಒಂದೋ ಮಗಳಿಗೆ ಅತ್ತೆಯೂ ಅಪ್ಪನೂ ಅದಲುಬದಲಾಗಿದ್ದಾರೆ, ಇಲ್ಲವೇ ತನ್ನ ತಲೆಯೊಳಗೆ ಎಲ್ಲೋ ತೂತು ಬಿದ್ದಿದೆ. ಈ ಎರಡನೆಯ ಯೋಚನೆ ಒಮ್ಮೆ ಬಂದಮೇಲೆ ಹೋಗಲಿಲ್ಲ. ಅವನಿಗೆ ಐವತ್ತೆಂಟು. ಮರೆವಿನ ಕಾಯಿಲೆ ಹೇಗೆ ಶುರುವಾಗುತ್ತದೋ ಯಾರಿಗೆ ಗೊತ್ತು? ಆ ಮಧ್ಯಾಹ್ನ ಅಂಗಡಿಗೆ ಬಂದವರೆಲ್ಲರ ನಂಬರನ್ನೂ ಚೀಟಿ ನೋಡುವ ಮೊದಲೇ ನೆನೆಸಿಕೊಂಡು ತನ್ನನ್ನು ತಾನೇ ಪರೀಕ್ಷೆ ಮಾಡಿದ. ಹನ್ನೊಂದಕ್ಕೆ ಹನ್ನೊಂದೂ ಸರಿ. ಹಾಗಾದರೆ ಇಪ್ಪತ್ತಮೂರು ದಿನ ಎಲ್ಲಿ ಹೋದವು?

ಮಗಳಿಗೆ ‘ನನಗೆ ನೆನಪಿಲ್ಲ’ ಎಂದು ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ. ಬಸುರಿ ಮಗಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು, ಅದನ್ನೂ ಮರೆತೆ ಅಂದರೆ ಹೇಗೆ?

ಗುರುವಾರ ಸಂಜೆ ಮೈದಾ, ಯೀಸ್ಟು, ಬೆಣ್ಣೆಯಂಥ ಬಿಳಿ ಚೀಸು ತಂದ. ಮೊಬೈಲಿನಲ್ಲಿ ನೋಡಿದ ಒಂದೊಂದು ವಿಡಿಯೋ ಒಂದೊಂದು ಹೇಳುತ್ತಿತ್ತು. ಒಬ್ಬ ಹಾಲು ಹಾಕೆಂದ, ಇನ್ನೊಬ್ಬಳು ಹಾಲು ಸೋಕಿಸಲೇಬೇಡಿ ಎಂದಳು. ಗಾಜಿನ ಕೆಲಸದಲ್ಲಿ ಒಂದು ಚೀಟಿಗೆ ಒಂದೇ ಅಳತೆ. ಇಲ್ಲಿ ಎಲ್ಲರೂ ‘ಹದ ನೋಡಿಕೊಳ್ಳಿ’ ಅನ್ನುವವರೇ. ಹದ ಎಂದರೆ ಎಷ್ಟು ಮಿಲಿಮೀಟರು? ಬಿಸಿನೀರಾದರೆ ಬೇಗ ಆಗಬಹುದೆಂದು ಕುದಿಯುವ ನೀರಿಗೇ ಯೀಸ್ಟ್ ಸುರಿದ. ಎರಡು ಗಂಟೆ ಕಾದರೂ ಹಿಟ್ಟು ಮಿಸುಕಲಿಲ್ಲ. ಬೆರಳಿನಿಂದ ಒತ್ತಿದರೆ ಗೋಡೆಗೆ ಒತ್ತಿದ ಹಾಗಿತ್ತು.

“ಇದೇನು, ಮನೆ ಕಟ್ಟೋಕಾ?” ಎಂದಳು ಹೆಂಡತಿ.

ಶನಿವಾರ ಮೇಲ್ಮನೆಯ ಡ್ರಾಯಿಂಗ್ ಮೇಡಂ ಅವರ ಬಾಗಿಲು ತಟ್ಟಿದ. ಆಕೆಯ ಬಳಿ ಓವನ್ ಇತ್ತು, ಬಾಲ್ಕನಿಯ ತುಂಬ ಎಲೆಗಿಡಗಳಿದ್ದವು. ವಿಷಯ ಕೇಳಿ ಆಕೆ ತೋಳೇರಿಸಿಯೇ ಬಿಟ್ಟರು.

“ಅಣ್ಣ, ನೀವು ಯೀಸ್ಟನ್ನ ಸುಟ್ಟು ಸಾಯಿಸಿದೀರಿ. ಅದಕ್ಕೂ ಜೀವ ಇದೆ. ನೀರಲ್ಲಿ ಕಿರುಬೆರಳು ಇಟ್ಟು ನೋಡಿ, ಮಗೂಗೆ ಸ್ನಾನ ಮಾಡಿಸೋ ಅಷ್ಟು ಬೆಚ್ಚಗಿದ್ರೆ ಸಾಕು.”

ಈ ಮಾತು ಅವನಿಗೆ ಅರ್ಥವಾಯಿತು. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಯೀಸ್ಟು ಹಾಕಿದ. ಹತ್ತು ನಿಮಿಷದಲ್ಲಿ ಮೇಲೆಲ್ಲ ನೊರೆ ಎದ್ದಿತು. ಮೈದಾ, ಉಪ್ಪು, ಎಣ್ಣೆ ಸೇರಿಸಿ, ಅಂಗೈಯ ಬುಡದಿಂದ ತಳ್ಳಿ ತಳ್ಳಿ ನಾದಿದ. ಮೊದಲು ಬೆರಳಿಗೆಲ್ಲ ಅಂಟಿಕೊಂಡ ಹಿಟ್ಟು, ಕಾಲು ಗಂಟೆಯಾಗುವಷ್ಟರಲ್ಲಿ ಕಿವಿಯ ಹಾಲೆಯಂತೆ ಮೆತ್ತಗಾಯಿತು. ಸಾಸಿಗೆ ಮೇಡಂ ಕಾಮಕಸ್ತೂರಿಯ ಕುಡಿಗಳನ್ನು ಚಿವುಟಿ ಕೊಟ್ಟರು. ಬೆಳ್ಳುಳ್ಳಿ, ಹುರಿದ ಬಾದಾಮಿ, ಎಣ್ಣೆ, ಕಲ್ಲುಪ್ಪು ಹಾಕಿ ಎರಡು ಸುತ್ತು ಅರೆದರೆ ಮನೆಯೆಲ್ಲ ಘಮ. ಪ್ರಯೋಗಕ್ಕೆಂದು ಬೇಯಿಸಿದ ಚಿಕ್ಕ ಪಿಜ್ಜಾ ತಿಂದು ಹೆಂಡತಿ ಇನ್ನೊಂದು ತುಂಡಿಗೆ ಕೈ ಹಾಕಿದಳು. ಲೆನ್ಸಣ್ಣ ಮಾತ್ರ ತುಂಡನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ಏನಾದರೂ ನೆನಪಾಗಬಹುದೆಂದು ಕಾದ. ರುಚಿ ಚೆನ್ನಾಗಿತ್ತು. ನೆನಪು ಬರಲಿಲ್ಲ.

ಭಾನುವಾರ ಮಧ್ಯಾಹ್ನ ಮಗಳು ಬಂದಳು. ಚಪ್ಪಲಿ ಬಿಡುವ ಮೊದಲೇ ಮೂಗರಳಿಸಿದಳು. ಮೇಜಿನ ಮೇಲೆ ಅಗಲವಾದ ಪಿಜ್ಜಾ, ಅಂಚು ಹೊಂಬಣ್ಣ, ನಡುವೆ ಚೀಸ್ ಇನ್ನೂ ಗುಳ್ಳೆಯೊಡೆಯುತ್ತಿತ್ತು, ಅದರ ಕೆಳಗೆ ಹಸಿರು. ಅಪ್ಪ ಪಕ್ಕದಲ್ಲಿ ಪರೀಕ್ಷೆ ಬರೆದ ಹುಡುಗನಂತೆ ನಿಂತಿದ್ದ. ಅವಳು ಒಂದು ತುತ್ತು ಕಚ್ಚಿದಳು, ಅಗಿದಳು, ಮತ್ತೊಂದು ಕಚ್ಚಿದಳು. ಹುಬ್ಬು ಗಂಟಾಯಿತು.

“ಹೇಗಿದೆ?”

“ತುಂಬಾ ಚೆನ್ನಾಗಿದೆ ಅಪ್ಪಾ. ಆದ್ರೆ ಇದಲ್ಲ.”

“ಇದಲ್ಲ ಅಂದ್ರೆ?”

“ಅದು ಇಷ್ಟು ಚೆನ್ನಾಗಿರಲಿಲ್ಲ.”

ಲೆನ್ಸಣ್ಣ ಕುರ್ಚಿಯಲ್ಲಿ ಕುಸಿದು ಕೂತ. ಐದು ದಿನದಿಂದ ಒಳಗೇ ಇಟ್ಟುಕೊಂಡಿದ್ದು ಹೊರಗೆ ಬಂತು. “ಪುಟ್ಟಿ, ನಿಜ ಹೇಳ್ಲಾ? ನನಗೆ ಒಂದೂ ನೆನಪಿಲ್ಲ. ನಾನು ಮಾಡಿದ್ದೇ ನೆನಪಿಲ್ಲ. ನಿಮ್ಮತ್ತೆ ತಾನು ಮಾಡಿದ್ದು ಅಂತಾಳೆ. ನಾನು ಮಾಡ್ಲೇ ಇಲ್ವೇನೋ. ಇಲ್ಲಾ ನನ್ನ ತಲೆಗೇ ಏನೋ ಆಗಿದೆ.”

ಮಗಳು ತಟ್ಟೆ ಕೆಳಗಿಟ್ಟಳು. ಅವಳಿಗೂ ಒಂದು ಕ್ಷಣ ಗಲಿಬಿಲಿಯಾದದ್ದು ಮುಖದಲ್ಲಿ ಕಂಡಿತು.

“ಅತ್ತೆ ಮಾಡಿದ್ದು ಮೊದಲನೇ ವಾರ. ಕೆಂಪು, ಚೆನ್ನಾಗಿತ್ತು. ಆಮೇಲೆ ಅತ್ತೆ ಊರಿಗೆ ಹೋದ್ರು. ನಾನು ಪಿಜ್ಜಾ ಬೇಕು ಅಂತ ಹಟ ಮಾಡ್ದೆ. ನೀನು ಮಾಡ್ದೆ. ನಮ್ಮನೇಲಿ ಓವನ್ ಎಲ್ಲಿತ್ತು? ಕಾವಲಿ ಮೇಲೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿದ್ದೆ. ಅಡಿ ಸೀದುಹೋಗಿತ್ತು, ಮೇಲೆ ಹಸಿ ಹಸಿ. ಟೊಮೇಟೊ ಖಾಲಿಯಾಗಿತ್ತು ಅಂತ ಮನೇಲಿದ್ದ ಕೊತ್ತಂಬರಿ, ಪುದೀನ ಎಲ್ಲಾ ಕತ್ತರೀಲಿ ಕತ್ತರಿಸಿ, ನಿಂಬೆಹಣ್ಣು ಸಿಪ್ಪೆ ಸಮೇತ ಹಾಕಿ ಕುಟ್ಟಿದ್ದೆ. ಕಹಿ ಅಂದ್ರೆ ಕಹಿ! ನನ್ನನ್ನ ಕಟ್ಟೆ ಮೇಲೆ ಕೂರಿಸಿಕೊಂಡು ‘ಹೇಗಿದೆ’ ಅಂತ ಕೇಳ್ದೆ. ನಾನು ಚೆನ್ನಾಗಿದೆ ಅಂದೆ. ಅದಕ್ಕೇ ಪಾಪ ನೀನು ದಿನಾ ಅದನ್ನೇ ಮಾಡ್ದೆ.”

“ದಿನಾನಾ?”

“ಏಳೆಂಟು ದಿನ.”

ಲೆನ್ಸಣ್ಣ ಹೆಂಡತಿಯ ಮುಖ ನೋಡಿದ. ಅವಳು ನಗುತ್ತಿರಲಿಲ್ಲ.

“ನಿಮ್ಮ ತಲೆಗೆ ಏನೂ ಆಗಿಲ್ಲ” ಎಂದಳು. “ಆ ದಿನಗಳಲ್ಲಿ ನೀವು ಇದ್ದಿದ್ದೇ ಹಾಗೆ. ನನ್ನ ಮಂಚದ ಪಕ್ಕ ಕೂತು ‘ಊಟ ಆಯ್ತಾ’ ಅಂತ ಕೇಳ್ತಿದ್ರಿ. ಆಯ್ತು ಅಂದ್ರೆ ಐದು ನಿಮಿಷಕ್ಕೆ ಮತ್ತೆ ‘ಊಟ ಆಯ್ತಾ’. ಎರಡು ಕಾಲಿಗೆ ಬೇರೆ ಬೇರೆ ಚಪ್ಪಲಿ ಹಾಕ್ಕೊಂಡು ಬಂದಿದ್ರಿ ಒಂದಿನ. ಡಾಕ್ಟರು ನಿಮಗೇನೋ ಹೇಳಿದ್ರು ಅಂತ ನನಗೆ ಆವತ್ತೇ ಗೊತ್ತಾಗಿತ್ತು. ನಾನು ಕೇಳ್ಲಿಲ್ಲ, ನೀವು ಹೇಳ್ಲಿಲ್ಲ.”

ಡಾಕ್ಟರು ಹೇಳಿದ್ದು ಲೆನ್ಸಣ್ಣನಿಗೆ ನೆನಪಿತ್ತು. ಅದೊಂದು ಚೆನ್ನಾಗಿಯೇ ನೆನಪಿತ್ತು. “ಮನಸ್ಸು ಗಟ್ಟಿ ಮಾಡ್ಕೊಳ್ಳಿ” ಅಂದಿದ್ದರು. ಇಪ್ಪತ್ತು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲು ಬಾಯಿ ತೆರೆದು ಮುಚ್ಚಿದ. ಹೆಂಡತಿ ಗೊತ್ತು ಎನ್ನುವಂತೆ ತಲೆಯಾಡಿಸಿದಳು.

“ಹಿಟ್ಟು ಉಳಿದಿದೆಯಾ?” ಮಗಳು ಎದ್ದಳು. “ನಾನು ಹೇಳ್ಕೊಡ್ತೀನಿ, ನೀನು ಮಾಡು.”

ಕಾವಲಿ ಒಲೆಗೇರಿತು. ಮಗಳು ಕುರ್ಚಿ ಎಳೆದು ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಪ್ಪಣೆ ಮಾಡತೊಡಗಿದಳು. ಹಿಟ್ಟು ಇಷ್ಟು ತೆಳ್ಳಗೆ ಬೇಡ, ದಪ್ಪ ಇರಲಿ. ಕೊತ್ತಂಬರಿಯ ದಂಟು ತೆಗೀಬೇಡ. ನಿಂಬೆಯ ಬೀಜ ಒಂದೆರಡು ಇರಲಿ. ಉರಿ ಜೋರಾಗಿಡು, ಸೀಯಲಿ. ಲೆನ್ಸಣ್ಣ ಹೇಳಿದ್ದನ್ನೆಲ್ಲ ಮಾಡಿದ. ಕತ್ತರಿ ಹಿಡಿದು ಎಲೆ ಕತ್ತರಿಸುವಾಗ ಕೈಗಾದರೂ ಏನಾದರೂ ನೆನಪಾದೀತೆ ಎಂದು ನೋಡಿದ. ಇಲ್ಲ. ಮೊದಲ ಸಲ ಮಾಡುವವನ ಹಾಗೆಯೇ ತಡವರಿಸಿತು. ಬೇರೆ ಯಾರೋ ಮಾಡಿದ ಕೆಲಸವನ್ನು ತಾನು ನಕಲು ಮಾಡುತ್ತಿರುವಂತೆ ಇತ್ತು, ಆ ಬೇರೆ ಯಾರೋ ತಾನೇ ಎಂದು ಮನೆಯವರೆಲ್ಲ ಹೇಳುತ್ತಿದ್ದರು.

ಹೊಗೆಗೆ ಕಿಟಕಿ ತೆಗೆಯಬೇಕಾಯಿತು. ತಟ್ಟೆ ಎತ್ತಿದಾಗ ಕಂಡದ್ದನ್ನು ಪಿಜ್ಜಾ ಎನ್ನಲು ಧೈರ್ಯ ಬೇಕಿತ್ತು. ಮಗಳು ಬಿಸಿಬಿಸಿಯಾಗಿಯೇ ಒಂದು ಚೂರು ಕಿತ್ತು ಬಾಯಿಗಿಟ್ಟಳು.

“ಇದು” ಎಂದಳು. ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ನಗುತ್ತಿತ್ತು. “ಇದೇ ಅಪ್ಪಾ. ಥೂ, ಎಷ್ಟು ಕಹಿ!” ಅನ್ನುತ್ತಲೇ ಇನ್ನೊಂದು ಚೂರು ಕಿತ್ತಳು.

ಹೆಂಡತಿಯೂ ರುಚಿ ನೋಡಿದಳು. “ಅಯ್ಯೋ, ಇದಾ! ಇದನ್ನ ಒಂದಿನ ಡಬ್ಬೀಲಿ ಹಾಕಿ ನನಗೂ ತಂದಿದ್ರಿ, ಪಿಜ್ಜಾ ಅಂತ ನನಗೆ ಗೊತ್ತೇ ಆಗಿರ್ಲಿಲ್ಲ. ತಿನ್ನೋಕಾಗದೆ ಪಕ್ಕದ ಮಂಚದವರಿಗೆ ಕೊಟ್ಟಿದ್ದೆ. ಪಾಪ, ಅವರು ಏನಂದುಕೊಂಡ್ರೋ!”

ಮೂವರೂ ನಕ್ಕರು. ಲೆನ್ಸಣ್ಣ ಎಲ್ಲರಿಗಿಂತ ಸ್ವಲ್ಪ ತಡವಾಗಿ ನಕ್ಕ.

ಮಗು ಹುಟ್ಟುವವರೆಗೆ ಮಗಳು ತಿಂಗಳಿಗೆರಡು ಭಾನುವಾರ ಬಂದಳು. ಪ್ರತಿ ಸಲವೂ ಎರಡು ಪಿಜ್ಜಾ ಆಗುತ್ತಿತ್ತು: ಓವನ್ನಿನದು ಮನೆಯವರಿಗೂ ಡ್ರಾಯಿಂಗ್ ಮೇಡಂಗೂ, ಕಾವಲಿಯದು ಅವಳೊಬ್ಬಳಿಗೆ. ಲೆನ್ಸಣ್ಣನಿಗೆ ಆ ಇಪ್ಪತ್ತಮೂರು ದಿನ ಮರಳಿ ಬರಲೇ ಇಲ್ಲ. ಡಾಕ್ಟರ ಹತ್ತಿರ ಹೋಗಿ ತಲೆ ತೋರಿಸಿಕೊಂಡೂ ಬಂದ, ಅವರು ಏನೂ ಇಲ್ಲ ಎಂದು ಕಳಿಸಿದರು. ಆಮೇಲೆ ಅವನು ಹುಡುಕುವುದನ್ನು ಬಿಟ್ಟ. ಹಿಟ್ಟು ಉಬ್ಬಲು ಇಟ್ಟು ಕಾಯುವ ಒಂದೂವರೆ ಗಂಟೆ ಮಗಳ ಎದುರು ಕೂತು, “ಆಮೇಲೆ ನಾನೇನು ಮಾಡ್ದೆ?” ಎಂದು ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. ತಲೆ ಬಾಚಲು ಬಾರದೆ ಜಡೆಗೆ ರಬ್ಬರ್ ಬ್ಯಾಂಡ್ ಸುತ್ತಿ ಶಾಲೆಗೆ ಕಳಿಸಿದ್ದು, ಲೆಕ್ಕದ ಪುಸ್ತಕಕ್ಕೆ ತಲೆಕೆಳಗಾಗಿ ರಟ್ಟು ಹಾಕಿದ್ದು. ಅವನು ಗಲ್ಲಕ್ಕೆ ಕೈಯಿಟ್ಟು, ಯಾರದೋ ಮನೆಯ ಕಥೆ ಕೇಳುವವನಂತೆ ಕೇಳುತ್ತಿದ್ದ. ನಡುನಡುವೆ, “ಹೌದಾ? ಪಾಪ, ಒಳ್ಳೇ ಮನುಷ್ಯ ಕಣೇ ಅವನು” ಎನ್ನುತ್ತಿದ್ದ.